ಬರಿಗೈಯಲ್ಲಿ ಬಂದ ಜೇನುಹುಳ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಕೂಲಿಮಠದ ಗುರುಗಳಾದ ಚೆನ್ನವೀರಯ್ಯನವರು.

ಮೂರು ಮರಗಳಲ್ಲಿ ಮೂರು ಜೇನುಗೂಡುಗಳಿದ್ದವು. ಒಂದೊಂದಕ್ಕೂ ಬೇರೆ ರಾಣಿ, ಬೇರೆ ಕಟ್ಟಳೆ. ಆದರೂ ಅವು ದೇವರ ಸಾಕ್ಷಿಯಾಗಿ ಒಕ್ಕೂಟ ಕಟ್ಟಿಕೊಂಡು, ಯಾವ ಗೂಡಿನ ಹುಳಕ್ಕೂ ಮೂರು ಗೂಡೂ ಮನೆಯೇ ಎಂದು ಮಾತು ಕೊಟ್ಟುಕೊಂಡವು. ಅಂದಿನಿಂದ ಬೇವಿನ ಮರದ ಹುಳವೊಂದು ಹುಣಸೆಮರದ ಗೂಡಿಗೇ ಜೇನು ತರುತ್ತಿತ್ತು. ಬಾಗಿಲ ಕಾವಲುಹುಳ ದಿನವೂ ನಗುನಗುತ್ತ ದಾರಿ ಬಿಡುತ್ತಿತ್ತು.

ಒಂದು ದಿನ ಆ ಹುಳ ರೆಕ್ಕೆ ಹರಿದುಕೊಂಡು ಬರಿಗೈಯಲ್ಲಿ ಬಂತು. ಮಳೆ ಹನಿಯತೊಡಗಿತ್ತು.

“ಜೇನೆಲ್ಲಿ?” ಎಂದಿತು ಕಾವಲುಹುಳ.

“ಇವತ್ತು ಇಲ್ಲ ಅಕ್ಕಾ, ರೆಕ್ಕೆ ಹರಿದಿದೆ.”

“ಹಾಗಾದರೆ ನಿನ್ನ ಬೇವಿನ ಮರಕ್ಕೆ ನಡೆ.”

“ಅಷ್ಟು ದೂರ ಹಾರಲಾರೆ, ಮಳೆಗೆ ಸಿಕ್ಕಿ ಸಾಯುತ್ತೇನೆ. ಜೇನು ತಂದರೆ ಮಾತ್ರ ಮನೆ ಎಂದು ಅಂದು ಯಾರೂ ಹೇಳಲಿಲ್ಲ. ಒಳಗೆ ಬರುವುದು ನನ್ನ ಹಕ್ಕು, ಅಕ್ಕಾ.”

ಒಳಗಿದ್ದ ಮುದಿ ಹುಳವೊಂದು ಕಾವಲುಹುಳವನ್ನು ನೋಡಿ ನಕ್ಕಿತು. “ಅಲ್ಲವೇ ತಂಗಿ, ಬಾಗಿಲಲ್ಲೇ ನಿಂತಿರುವ ನೀನು ಎಷ್ಟು ಜೇನು ತಂದೆ? ನಿನ್ನನ್ನು ಯಾರಾದರೂ ಹೊರಗೆ ಹಾಕಿದರೇ?”

ಕಾವಲುಹುಳ ನಾಚಿತು. ಹೆಗಲು ಕೊಟ್ಟು ಅದನ್ನು ಒಳಗೆ ಕರೆತಂದಿತು. ಅಷ್ಟರಲ್ಲಿ ಮಳೆ ಜೋರಾಗಿ ಇನ್ನೂ ಹಲವು ಹುಳಗಳು ಓಡಿಬಂದವು. ಯಾವುದನ್ನೂ ಅದು ಜೇನೆಲ್ಲಿ ಎಂದು ಕೇಳಲಿಲ್ಲ.

ಓದಿದವರು ದಯವಿಟ್ಟು ಇದನ್ನು ಇನ್ನೊಬ್ಬರಿಗೆ ಹೇಳಿ.