ಚಿಕ್ಕೀರ ಮಿನಿಬಸ್ಸಿಗೆ ಇನ್ಶೂರೆನ್ಸ್ ಮಾಡಿಸಿದ್ದು

ಈ ನಿಮ್ಮ ಮಾವ ಹುಟ್ಟಿದ ಮೇಲೆ ಸುಳ್ಳು ಹೇಳಿದ್ದು ಒಂದೇ ಸಲ. ಅದೂ ಮಾರನೇ ದಿನ ನಿಜವಾಗಿಹೋಯಿತು. ಅಂಥ ಬಾಯಿಂದ ಬರುವ ಕತೆ ಇದು, ನಂಬಿಕೊಂಡೇ ಕೇಳಿ.

ಸಣ್ಣತಾಯಮ್ಮ ಅಂತ ಒಬ್ಬ ಅವ್ವ. ಅವಳಿಗೆ ಚಿಕ್ಕೀರ ಅಂತ ಒಬ್ಬನೇ ಮಗ. ಆಳು ನೋಡಿದರೆ ಆಲದ ಮರ, ಬುದ್ಧಿ ನೋಡಿದರೆ ಈಗ ತಾನೇ ಮೊಳೆತ ಹೆಸರುಕಾಳು. 'ಹಾಲು ಉಕ್ಕಿದ್ರೆ ಕೂಗು' ಅಂದರೆ, ಉಕ್ಕಿ ಒಲೆ ಆರಿದ ಮೇಲೂ ಕೂಗುತ್ತಲೇ ಇರುವವನು. ಊರಿನವರು ಅವನ ಹತ್ತಿರ ನಿಲ್ಲುತ್ತಿದ್ದದ್ದು ನಗುವುದಕ್ಕೆ. ನಕ್ಕು ಮುಗಿದರೆ ಹೊರಟುಹೋಗುತ್ತಿದ್ದರು.

ಅವ್ವ ಒಂದು ಸಂಘ ನಡೆಸುತ್ತಿದ್ದಳು. ನಡೆಯಲಾಗದ ಒಂಟಿ ಜೀವಗಳನ್ನು ಗುರುವಾರಕ್ಕೊಮ್ಮೆ ಮಿನಿಬಸ್ಸಿನಲ್ಲಿ ಕರೆತಂದು, ಒಂದೇ ಸಾಲಿನಲ್ಲಿ ಕೂರಿಸಿ ಊಟ ಹಾಕುವ ಸಂಘ. ಚಿಕ್ಕೀರನ ಪಕ್ಕದಲ್ಲಿ ಇನ್ನೊಬ್ಬರು ಕೂತು ಉಣ್ಣುತ್ತಿದ್ದದ್ದೂ ಆ ಒಂದೇ ದಿನ. ಬಸ್ಸಿನ ಇನ್ಶೂರೆನ್ಸ್ ಬುಧವಾರಕ್ಕೆ ಮುಗಿಯುತ್ತಿತ್ತು. ಮಾಡಿಸದಿದ್ದರೆ ಬಸ್ಸು ಹೊರಡುವ ಹಾಗಿಲ್ಲ. ಎಲ್ಲರೂ ಅವರವರ ಮನೆ ಗೋಡೆ ನೋಡಿಕೊಂಡೇ ಉಣ್ಣಬೇಕು. ಅವ್ವನಿಗೋ ಮಂಡಿನೋವು.

"ಮಗ, ನೀನೇ ಹೋಗಪ್ಪ. ಪೇಟೇಲಿ ಎರಡು ಆಫೀಸವೆ. ಅಗ್ಗ ಅಂತ ಬೀಳಬೇಡ. ಕಷ್ಟ ಅಂತ ಕೂಗಿದ್ರೆ ಯಾರು ಓಡಿ ಬರ್ತಾರೋ, ಅವರನ್ನೇ ಆರಿಸು."

"ಹ್ಞೂ ಕಣವ್ವ!"

ಹೋದ, ಹೋದ, ಪೇಟೆಗೆ ಹೋದ. ಮೊದಲನೇ ಆಫೀಸಿನ ಮುಂದೆ ಅಂಗಾತ ಮಲಗಿ, "ಅಯ್ಯಯ್ಯೋ, ಕಷ್ಟ!" ಅಂತ ಕೂಗಿದ. ಕಿಟಕಿ ಮುಚ್ಚಿಕೊಂಡಿತು. ಎರಡನೇ ಆಫೀಸಿನ ಮುಂದೆ ಮಲಗಿ ಕೂಗಿದ. ಒಂದು ತಲೆ ಇಣುಕಿ ಒಳಗೆ ಹೋಯಿತು. ಓಡಿ ಬಂದವನು ಎದುರಿನ ಪಂಕ್ಚರ್ ಅಂಗಡಿ ರಹಮತ್ತಣ್ಣ ಒಬ್ಬನೇ, ಕೈಯಲ್ಲಿ ಒದ್ದೆ ಟ್ಯೂಬು ಹಿಡಿದುಕೊಂಡು. ಚಿಕ್ಕೀರ ಅವನನ್ನೇ ಮನೆಗೆ ಎಳೆತಂದ.

"ಅವ್ವ, ಇನ್ಶೂರೆನ್ಸ್ ತಂದಿದ್ದೀನಿ!"

"ನಂಗೇನೂ ಗೊತ್ತಿಲ್ಲ ಕಣಕ್ಕ," ಅಂದ ರಹಮತ್ತಣ್ಣ. "ಆದ್ರೂ ಕೇಳಿದ್ರೆ ಹೇಳ್ತೀನಿ, ಎರಡನೇ ಆಫೀಸೇ ವಾಸಿ. ಮೊದಲನೇದು ಬಸ್ಸು ಯಾರಿಗೆ ಗುದ್ದಿತೋ ಅವರಿಗೆ ಮಾತ್ರ ದುಡ್ಡು ಕೊಡ್ತದೆ. ಎರಡನೇದು ಒಳಗೆ ಕೂತೋರಿಗೂ ಕೊಡ್ತದೆ."

ಅವನು ಹೋದ ಮೇಲೆ ಅವ್ವ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದೇ! ಬೀದೀಲಿ ಮಲಗ್ತಾರೇನೋ? ಆ ಎರಡನೇ ಆಫೀಸಿಗೆ ಹೋಗಿ, ಬಸ್ಸಲ್ಲಿ ಕೂರೋರ ಹೆಸರೆಲ್ಲ ಹೇಳು. ಒಬ್ಬರನ್ನೂ ಬಿಡಬೇಡ!"

"ಹ್ಞೂ ಕಣವ್ವ!"

ಹೋದ, ಹೋದ, ಆಫೀಸಿಗೆ ಹೋದ. ಮೇಜಿನ ಹಿಂದೆ ಒಬ್ಬ ಸಾಹೇಬರು. ಚಿಕ್ಕೀರ ಹೇಳುತ್ತಾ ಹೋದ, ಅವರು ಬರೆಯುತ್ತಾ ಹೋದರು.

"ಕಿಟಕಿ ಪಕ್ಕದ ಸೀಟು ಕೆಂಪಾಜೀದು ಸಾ. ಹೋದ ಯುಗಾದೀಲಿ ಸತ್ತೋಯ್ತು."

ಸಾಹೇಬರ ಪೆನ್ನು ನಿಂತಿತು. "ಸತ್ತೋರ್ನ ಯಾಕಯ್ಯಾ ಬರೆಸ್ತೀಯಾ?"

"ಆ ಸೀಟಲ್ಲಿ ಇನ್ನೂ ಯಾರೂ ಕೂತಿಲ್ಲ ಸಾ. ಒಬ್ಬರನ್ನೂ ಬಿಡಬೇಡ ಅಂದವ್ಳೆ ಅವ್ವ."

ಸಾಹೇಬರು ಹಾಳೆ ಹರಿದು ಹಾಕಿದರು.

"ಅಯ್ಯೋ ಪೆದ್ದೇ!" ಅಂದಳು ಅವ್ವ. "ಹೋದೋರ ಸುದ್ದಿ ಅಲ್ಯಾಕೋ? ಕಣ್ಣಿಗೆ ಕಂಡದ್ದು ಮಾತ್ರ ಹೇಳು!"

"ಹ್ಞೂ ಕಣವ್ವ!"

ಮತ್ತೆ ಹೋದ. ಸಾಹೇಬರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು.

"ಬಸ್ಸು ಯಾವ ವರ್ಷದ್ದು?"

ಬಸ್ಸು ಕಾಣುತ್ತಿರಲಿಲ್ಲ. ಕಂಡದ್ದು ಸಾಹೇಬರು. "ನಿಮ್ಮ ಅಂಗಿ ಗುಂಡಿ ಕಿತ್ತೋಗದೆ ಸಾ. ಅನ್ನ ತಳ ಹಿಡಿದದೆ. ಎದುರಿಗೆ ಇನ್ನೊಂದು ಕುರ್ಚಿ ಅದೆ, ಅದರ ಮೇಲೆ ಧೂಳದೆ."

ಸಾಹೇಬರು ಎತ್ತಿದ ತುತ್ತನ್ನು ಕೆಳಗಿಟ್ಟರು. ಬಹಳ ಹೊತ್ತು ಆ ಕುರ್ಚಿಯನ್ನೇ ನೋಡಿದರು. ಆಮೇಲೆ, "ಆಚೆ ನಡಿ!" ಅಂದರು.

ಈ ಸಲ ಅವ್ವನಿಗೆ ಬೈಯುವುದಕ್ಕೂ ಉಸಿರಿರಲಿಲ್ಲ. "ಕಂಡದ್ದೆಲ್ಲ ಅಂದುಬಿಡ್ತಾರೇನೋ ಮಗ? ನಾಳೆ ಕಡೇ ದಿನ. ನಾನೇನು ಗೂಟ ಹೊಡ್ಕೊಂಡು ಕೂತಿರ್ತೀನಾ? ನಾನು ಹೋದ್ಮೇಲೆ ನಿನ್ನ ಕೂಗಿಗೆ ಯಾರು ಬಂದಾರೋ?" ಕಣ್ಣೊರೆಸಿಕೊಂಡಳು. "ಇದೊಂದು ಕೇಳು. ಯಾವುದು ಹೋದ್ರೆ ನಮಗೆ ಗತಿ ಇಲ್ವೋ, ಅದೊಂದನ್ನ ಬರೆಸು. ನೋಡ್ಬೇಕು ಅಂದ್ರೆ ತಗೊಂಡೋಗಿ ತೋರ್ಸು. ಬೇರೇನೂ ಬೇಡ."

ಚಿಕ್ಕೀರ ಈ ಸಲ 'ಹ್ಞೂ' ಅನ್ನಲಿಲ್ಲ. ಜಗಲಿ ಮೇಲೆ ಕೂತು ಯೋಚಿಸಿದ. ಬಸ್ಸು ಹೋದರೆ? ನಡೆಯಬಹುದು. ಮನೆ ಹೋದರೆ? ಬಸ್ಸಲ್ಲಿ ಮಲಗಬಹುದು. ಮತ್ತೆ ಯಾವುದು ಹೋದರೆ ಗತಿಯಿಲ್ಲ?

ಬೆಳಗಾಯಿತು. ಅವ್ವ ಸೊಪ್ಪು ಸೋಸುತ್ತಿದ್ದಳು. ಚಿಕ್ಕೀರ ಬಂದ, ಬಗ್ಗಿದ, ಅವಳನ್ನು ಎತ್ತಿ ಬೆನ್ನಿಗೆ ಹಾಕಿಕೊಂಡು ಹೊರಟ.

"ಲೇ, ಇಳಿಸೋ! ಜನ ನೋಡ್ತಾರೆ ಕಣೋ!"

"ನೋಡ್ಲಿ ಬಿಡವ್ವ."

ಹೋದ, ಹೋದ, ಆಫೀಸಿಗೆ ಹೋದ. ಧೂಳಿನ ಕುರ್ಚಿಯ ಮೇಲೆ ಅವ್ವನನ್ನು ಕೂರಿಸಿದ.

"ಗಾಡಿ ಎಲ್ಲಯ್ಯಾ?" ಅಂದರು ಸಾಹೇಬರು.

"ಇದನ್ನ ಬರ್ಕೊಳಿ ಸಾ. ಎಡಗಣ್ಣು ಮಂಜು. ಮಂಡಿ ಕಿರಗುಟ್ತದೆ. ಮಿಕ್ಕಿದ್ದೆಲ್ಲ ಚೆನ್ನಾಗದೆ. ಕೆಟ್ಟು ನಿಂತ್ರೆ ಬೇರೇದು ಕೊಡ್ತೀರಂತಲ್ಲ, ಬೇರೇದು ಬೇಡ ಸಾ. ಇದನ್ನೇ ರಿಪೇರಿ ಮಾಡ್ಕೊಡಿ."

ಸಾಹೇಬರು ನಗಲಿಲ್ಲ. ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ಅವಳೇ ಬಸ್ಸಿನ ವಿವರ ಹೇಳಿದಳು, ಒಳಗೆ ಕೂತವರಿಗೂ ಆಗುವ ಇನ್ಶೂರೆನ್ಸನ್ನೇ ಆರಿಸಿದಳು. ಸಾಹೇಬರು ಅವರ ಹಿಂದೆಯೇ ಬಂದು ಬಸ್ಸು ನೋಡಿ, ಸಂಜೆಯೊಳಗೆ ಕಾಗದ ಕಳಿಸಿಕೊಟ್ಟರು.

"ಯಾವುದಕ್ಕೆ ಮಾಡಿಸಿದ್ದೋ ಅದಕ್ಕೆ ಭದ್ರವಾಗಿ ಅಂಟಿಸು ಮಗ," ಅಂದಳು ಅವ್ವ.

"ಹ್ಞೂ ಕಣವ್ವ!"

ಗುರುವಾರ ಬಸ್ಸು ಬಂತು. ಎಲ್ಲರೂ ಕೂತು ಉಂಡರು. ಅವ್ವ ಬಡಿಸುತ್ತಾ ಹೋದ ಕಡೆಯೆಲ್ಲ ಹಿಂದಿನಿಂದ ಕಿಸಿಕಿಸಿ ನಗು. ಎಲ್ಲರನ್ನೂ ಮನೆ ಸೇರಿಸಿ, ಪಾತ್ರೆ ತೊಳೆಯುವುದಕ್ಕೆ ಕೂತಾಗ ಬೆನ್ನು ತುರಿಸಿತು. ಕೈ ಹಾಕಿದರೆ ಕಾಗದ! ಅನ್ನದ ಗಂಜಿ ಬಳಿದು, ರವಿಕೆಗೆ ಭದ್ರವಾಗಿ ಅಂಟಿಸಿದ ಇನ್ಶೂರೆನ್ಸ್ ಕಾಗದ.

'ಅಯ್ಯೋ ಪೆದ್ದೇ' ಅನ್ನಲು ಬಾಯಿ ತೆರೆದಳು. ಬದಲಿಗೆ ಕಾಗದದ ಎದ್ದ ಅಂಚನ್ನು ಬೆರಳಲ್ಲಿ ಒತ್ತಿ ಕೂರಿಸಿದಳು.

"ಎಷ್ಟು ದಿನಕ್ಕೋ ಇದು, ಮಗ?"

"ಒಂದು ವರ್ಷಕ್ಕಂತೆ ಕಣವ್ವ," ಅಂದ ಚಿಕ್ಕೀರ. "ಮುಗಿಯೋ ಮುಂಚೆ ಮತ್ತೆ ಹೊತ್ಕೊಂಡೋಗ್ತೀನಿ."