ಹೆಸರಿಲ್ಲದ ಸಹೋದರಿಗಾಗಿ ಪ್ರಾರ್ಥನೆ

ನಮ್ಮೂರಿನ ಕ್ರೈಸ್ತ ಬಾನುಲಿ ಕೇಂದ್ರವು ತನ್ನ ಮೊದಲ ವರ್ಷದಲ್ಲೇ ಒಬ್ಬ ವಿಧವೆಯ ಪರವಾಗಿ ದನಿಯೆತ್ತಿ, ಅವಳ ಗಂಡನಿಗೆ ಚರ್ಚಿನ ಸಭೆಯ ಸ್ಮಶಾನದಲ್ಲಿ ಜಾಗ ಕೊಡಿಸಿತೆಂದು ಭಾನುವಾರದ ಶಾಲೆಯಲ್ಲಿ ನಮಗೆ ಹೇಳುತ್ತಿದ್ದರು. ಅದು ಹಾಗೆ ನಡೆದಿರಲಾರದು. ಅಂದು ಕೇಂದ್ರದ ಟೆಲಿಫೋನಿಗೂ ಮೈಕಿಗೂ ನಡುವೆ ನಡೆದ ಮಾತು ಹೀಗಿದ್ದಿರಬೇಕು.

"ಅಣ್ಣಾ, ಕರುಣಮ್ಮ ಕರೆ ಮಾಡಿದ್ದಾಳೆ," ಎಂದಿತು ಟೆಲಿಫೋನು. "ಗಂಡ ಯೋಬಪ್ಪ ಬೆಳಿಗ್ಗೆ ತೀರಿಕೊಂಡನಂತೆ. ಬದುಕಿದ್ದಾಗ ಸಭಾಪಾಲಕರಿಗೆ ಎದುರಾಡಿದನೆಂದು ಈಗ ಮಣ್ಣಿಗೆ ಜಾಗ ಕೊಡುತ್ತಿಲ್ಲ. ಇದು ಯಾವ ನ್ಯಾಯವೆಂದು ನಿನ್ನ ಮೂಲಕ ಊರಿನ ಮುಂದೆ ಕೇಳಬೇಕಂತೆ. ಹೆಣ ಇನ್ನೂ ಅಂಗಳದಲ್ಲಿದೆ."

"ತಮ್ಮಾ, ನಮ್ಮಲ್ಲಿ ಪ್ರಶ್ನೆಗಳು ಪ್ರಸಾರವಾಗುವುದಿಲ್ಲ. ದೇವರು ಮಾಡಿದ ಉಪಕಾರದ ಸಾಕ್ಷಿ, ಇಲ್ಲವೇ ಪ್ರಾರ್ಥನೆ. ಜಾಗ ಸಿಕ್ಕ ಮೇಲೆ ಬಂದು ಸಾಕ್ಷಿ ಹೇಳಲಿ."

"ಸಿಗದಿದ್ದರೆ?"

"ಪ್ರಾರ್ಥನೆ ಇದ್ದೇ ಇದೆಯಲ್ಲ."

"ಅವಳ ಹೆಸರನ್ನಾದರೂ ಹೇಳು. ಸಭಾಪಾಲಕರ ಹೆಸರನ್ನು ಉಸಿರಿಗೊಮ್ಮೆ ಹೇಳುತ್ತೀ!"

ಮೈಕು ದನಿಯನ್ನು ಮೃದುಗೊಳಿಸಿಕೊಂಡು, ದುಃಖದಲ್ಲಿರುವ ಒಬ್ಬ ಸಹೋದರಿಗಾಗಿ ಪ್ರಾರ್ಥಿಸೋಣವೆಂದು ಊರಿಗೆಲ್ಲ ಸಾರಿತು. ಮನೆಮನೆಯೂ ಭಕ್ತಿಯಿಂದ ಆಮೆನ್ ಎಂದಿತು.

ಕರೆಯನ್ನು ಇನ್ನೂ ಕಡಿಯದಿದ್ದ ಕರುಣಮ್ಮ ಟೆಲಿಫೋನಿನಲ್ಲಿ ಮೆಲ್ಲನೆ, "ಅದು ನಾನೇನಪ್ಪಾ?" ಎಂದು ಕೇಳಿದಳು.

ಕಳೆದ ವರ್ಷ ನಾನೇ ಸ್ಮಶಾನಕ್ಕೆ ಹೋಗಿ ನೋಡಿದೆ. ಯೋಬಪ್ಪನ ಗೋರಿ ಗೋಡೆಯ ಹೊರಗೆ, ರಸ್ತೆಯ ಮಗ್ಗುಲಲ್ಲಿದೆ.