ಕೇಳಲು ಸಿಕ್ಕಿಸಿದ ಕ್ಲಿಪ್ಪು

"ಬುದ್ಧಿ, ಮಗುವನ್ನು ಕಳೆದುಕೊಂಡು ನನ್ನ ಮಗಳು ತವರಿಗೆ ಬಂದಿದ್ದಾಳೆ. ತಾಯಿಯ ಹತ್ತಿರ ಮಾತಾಡುತ್ತಾಳೆ. ನಾನು ಹೋಗಿ ಪಕ್ಕದಲ್ಲಿ ಕೂತರೆ ಇಬ್ಬರೂ ಸುಮ್ಮನಾಗುತ್ತಾರೆ. ನಾನು ಏನೂ ಅನ್ನುವುದಿಲ್ಲ, ಬರೀ ಕೇಳಿಸಿಕೊಳ್ಳಲು ಕೂರುತ್ತೇನೆ. ಆದರೂ ಯಾಕೆ ಹೀಗೆ?" ಎಂದು ಶಿಷ್ಯ ನಿರ್ವಾಣಪ್ಪ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಕೆಲಸದಲ್ಲಿ ಜಾಣ. ತಾನು ಜಾಣನೆಂಬುದು ಅವನಿಗೆ ಗೊತ್ತಿರದಿದ್ದರೆ ಇನ್ನೂ ಚೆನ್ನಾಗಿತ್ತು. ಒಬ್ಬ ಚಾಲಕ ಅವನ ಬಳಿಗೆ ಹಳೆಯ ವ್ಯಾನೊಂದನ್ನು ತಂದ. ವ್ಯಾನು ದಾರಿಯಲ್ಲಿ ಆಗಾಗ ನಿಂತುಬಿಡುತ್ತಿತ್ತು.

"ನಮ್ಮಣ್ಣ ಓಡಿಸ್ತಿದ್ದ ಗಾಡಿ ಮೇಸ್ತ್ರಿ. ಅವನು ಹೋದ ಮೇಲೆ ಅವನದು ಅಂತ ಇದೊಂದೇ ಉಳಿದಿರೋದು. ಹೇಗಾದ್ರೂ ಉಳಿಸಿಕೊಡಿ" ಎಂದ ಚಾಲಕ.

ಈಗಿನ ಗಾಡಿಗಳ ಎಂಜಿನ್ನಿಗೆ ಒಂದು ಕಂಪ್ಯೂಟರ್ ಪೆಟ್ಟಿಗೆ ಇರುತ್ತದೆ. ಸ್ಕ್ಯಾನರ್ ಹಚ್ಚಿ ಕೇಳಿದರೆ ತನಗೇನಾಗಿದೆ ಎಂದು ಅದೇ ಹೇಳುತ್ತದೆ. ಹಳೆಯದಾದರೂ ಆ ವ್ಯಾನಿಗೂ ಅದಿತ್ತು, ಅದರಲ್ಲಿ ಕೇಳುವುದೂ ಹೇಳುವುದೂ ಒಂದೇ ತಂತಿಯ ಮೇಲೆ. ನಮ್ಮ ಮೆಕ್ಯಾನಿಕ್ಕಿಗೆ ಸ್ಕ್ಯಾನರ್ ಕೊಡುವ ಉತ್ತರವಷ್ಟೇ ಸಾಲದು. ತಂತಿಯ ಮೇಲೆ ಆ ಎರಡೂ ಏನೇನು ಮಾತಾಡುತ್ತವೆಂದು ಕಣ್ಣಾರೆ ಕಾಣಬೇಕು. ಹಾಗೆ ಕಾಣಿಸುವ ಲಾಜಿಕ್ ಅನಲೈಸರ್ ಎಂಬ ಉಪಕರಣವನ್ನು ಅವನು ಆಗಷ್ಟೇ ಕೊಂಡಿದ್ದ. ಮೊದಲು ಅದರ ಕ್ಲಿಪ್ಪನ್ನು ತಂತಿಗೆ ಸಿಕ್ಕಿಸಿದ. ಆಮೇಲೆ ಸ್ಕ್ಯಾನರ್ ಹಚ್ಚಿದ.

ಸ್ಕ್ಯಾನರ್ ಕೇಳಿತು. ಪೆಟ್ಟಿಗೆ ಉತ್ತರ ಕೊಡಲಿಲ್ಲ. ಮೆಕ್ಯಾನಿಕ್ ಸ್ಕ್ಯಾನರಿನ ತಂತಿ ಬದಲಿಸಿದ. ಬೇರೆಯವರ ಸ್ಕ್ಯಾನರ್ ತಂದು ನೋಡಿದ. ಊಟ ಬಿಟ್ಟು ಗಾಡಿಯ ಕೆಳಗೆ ಮಲಗಿದ. ಕ್ಲಿಪ್ಪನ್ನು ಮಾತ್ರ ಒಮ್ಮೆಯೂ ತೆಗೆಯಲಿಲ್ಲ. ಅದು ಬರೀ ಕೇಳಿಸಿಕೊಳ್ಳುವ ಉಪಕರಣ, ಅದರಿಂದ ಯಾರಿಗೇನು ತೊಂದರೆ ಎಂದುಕೊಂಡಿದ್ದ.

"ಪೆಟ್ಟಿಗೆ ಸತ್ತಿದೆಯಪ್ಪ. ಈ ಗಾಡಿಗೆ ಬೇರೆ ಪೆಟ್ಟಿಗೆ ಈಗ ಎಲ್ಲೂ ಸಿಗಲ್ಲ" ಎಂದ ಕೊನೆಗೆ.

ಚಾಲಕ ಸ್ಟೀರಿಂಗಿನ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಿದ್ದ. ಮರುದಿನ ವ್ಯಾನನ್ನು ಗುಜರಿಗೆ ಕೊಟ್ಟ.

ಕೆಲವು ದಿನಗಳ ಮೇಲೆ ಬರೀ ತಪಾಸಣೆಗೆಂದು ಇನ್ನೊಂದು ಗಾಡಿ ಬಂತು. ಅದರ ಎಂಜಿನ್ನಿನಲ್ಲಿ ಯಾವ ದೋಷವೂ ಇರಲಿಲ್ಲ. ಮೆಕ್ಯಾನಿಕ್ ಕ್ಲಿಪ್ಪು ಸಿಕ್ಕಿಸಿದ, ಅದರ ಪೆಟ್ಟಿಗೆಯೂ ಮೂಕವಾಯಿತು. ತೆಗೆದ, ಮಾತಾಡಿತು. ಮತ್ತೆ ಸಿಕ್ಕಿಸಿದ, ಮತ್ತೆ ಸುಮ್ಮನಾಯಿತು. ತಂತಿಯಲ್ಲಿದ್ದದ್ದು ಹನ್ನೆರಡು ವೋಲ್ಟು, ಅವನ ಉಪಕರಣ ತಾಳುತ್ತಿದ್ದದ್ದು ಐದು. ಹೆಚ್ಚಿನದನ್ನು ಅದು ತನ್ನೊಳಗೆ ಎಳೆದುಕೊಳ್ಳುತ್ತಿತ್ತು. ಮಾತಿಗೆ ಬೇಕಾದ ಬಲವೇ ತಂತಿಯಲ್ಲಿ ಉಳಿಯುತ್ತಿರಲಿಲ್ಲ.

ಅವನು ಗುಜರಿಗೆ ಓಡಿದ. ವ್ಯಾನನ್ನು ಆಗಲೇ ಕತ್ತರಿಸಿ ಆಗಿತ್ತು. ಪೆಟ್ಟಿಗೆ ಮಾತ್ರ ಒಂದು ಮೂಲೆಯಲ್ಲಿ ಬಿದ್ದಿತ್ತು. ಅದನ್ನು ತಂದು ಮೇಜಿನ ಮೇಲಿಟ್ಟು, ಬ್ಯಾಟರಿ ಕೊಟ್ಟು, ಸ್ಕ್ಯಾನರ್ ಒಂದನ್ನೇ ಹಚ್ಚಿದ. ಪೆಟ್ಟಿಗೆ ಕೂಡಲೇ ಮಾತಾಡಿತು. ಎಂಜಿನ್ನಿನ ಒಂದು ಸೆನ್ಸರಿನ ಸಂಪರ್ಕ ಆಗಾಗ ತಪ್ಪುತ್ತಿದೆ ಎಂದು ಹೇಳಿತು. ಸಡಿಲವಾದ ಒಂದು ತಂತಿಯನ್ನು ಬಿಗಿ ಮಾಡಿದ್ದರೆ ಮುಗಿಯುತ್ತಿತ್ತು. ಅಷ್ಟು ದಿನವೂ ಅದು ಹೇಳಲು ಹೊರಟಿದ್ದದ್ದು ಅದೊಂದನ್ನೇ. ಮೆಕ್ಯಾನಿಕ್ ಅಲ್ಲೇ ಕೂತು ಅತ್ತ. ಚಾಲಕನ ಮನೆಗೆ ಹೋಗಿ ಹೇಳಲು ಅವನಿಗೆ ಕಾಲೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಪಾಪ, ಗಾಡಿ ಉಳಿಯಲಿ ಅಂತಲೇ ಅಲ್ಲವೇ ಬುದ್ಧಿ ಅವನು ಅಷ್ಟು ಕಷ್ಟಪಟ್ಟದ್ದು? ಹತ್ತಿರ ಕೂತು ಕೇಳದೆ ಅವನು ಇನ್ನೇನು ಮಾಡಬೇಕಿತ್ತು?" ಎಂದ ನಿರ್ವಾಣಪ್ಪ.

"ಇವತ್ತು ಸಂಜೆ ಮನೆಗೆ ಹೋದಾಗ ನೀನು ಹೊರಗೆ ಜಗಲಿಯ ಮೇಲೆಯೇ ಕೂತಿರಪ್ಪ, ಒಳಗೆ ಮಗಳು ಅತ್ತು ಮುಗಿಸಲಿ" ಎಂದರು ಗುರುಗಳು.